ಸರಕಾರದ ಪುಸ್ತಕದಲ್ಲಿ ನಿಮ್ಮ ತೋಟ ಉಂಟಾ?

2022ರ ಕೊನೆಗೆ ನಮ್ಮ ಊರಿನ ಅಡಿಕೆ ಬೆಳೆಗಾರರ ಖಾತೆಗೆ ಹವಾಮಾನ ಆಧಾರಿತ ಬೆಳೆ ವಿಮೆಯ ಹಣ ಬಿತ್ತು. ಬೆಳಿಗ್ಗೆ ಹಾಲಿನ ಸೊಸೈಟಿಗೆ ಹೋದರೆ ಅದೇ ಮಾತು. "ನಿಮಗೆಷ್ಟು ಬಂತು ಮಾರಾಯ್ರೆ?" ನನ್ನ ಮೊಬೈಲಿಗೆ ಮಾತ್ರ ಒಂದೂ ಮೆಸೇಜಿಲ್ಲ. ಎರಡು ದಿನ ಕಾದೆ, ಒಂದು ವಾರ ಕಾದೆ. ಇಲ್ಲ.

ನೆರೆಯವರ ತೋಟಕ್ಕೂ ನನ್ನ ತೋಟಕ್ಕೂ ನಡುವೆ ಇರುವುದು ಒಂದು ಅಗಳು. ಮಳೆ ಅವರಿಗೊಂದು ನನಗೊಂದು ಅಂತ ಬೀಳುವುದಿಲ್ಲ. ಕೊಳೆರೋಗ ಅವರಲ್ಲಿಗೂ ಬಂದಿತ್ತು, ನನ್ನಲ್ಲಿಗೂ ಬಂದಿತ್ತು. ಬೋರ್ಡೋ ಹೊಡೆದ ಜನವೂ ಒಂದೇ. ವಿಮೆ ಲೆಕ್ಕ ಹಾಕುವುದು ಪಂಚಾಯತಿನ ಮಳೆಮಾಪಕ ನೋಡಿ. ಆ ಮಾಪಕ ಇಬ್ಬರಿಗೂ ಒಂದೇ. ಹಾಗಾದರೆ ಅವರಿಗೆ ಬಂದದ್ದು ನನಗೆ ಯಾಕಿಲ್ಲ?

ಕಂತು ಕಟ್ಟಿದಲ್ಲಿಗೇ ಹೋಗಿ ಕೇಳಿದೆ. ಅಲ್ಲಿದ್ದವರು ಕಂಪ್ಯೂಟರ್ ಒತ್ತಿ ನೋಡಿ ಹೇಳಿದರು: "ನಿಮ್ಮದು ತಾಳೆ ಆಗಿಲ್ಲ. ಬೆಳೆ ಸಮೀಕ್ಷೆಯಲ್ಲಿ ಆ ಸರ್ವೆ ನಂಬ್ರದಲ್ಲಿ ಅಡಿಕೆ ಇಲ್ಲ. ಪಾಳು ಅಂತ ಉಂಟು."

ಪಾಳು! ಭೂಸುಧಾರಣೆಯ ಕಾಲದಲ್ಲಿ ಅಪ್ಪ ಡಿಕ್ಲರೇಷನ್ ಕೊಟ್ಟು ಸಿಕ್ಕಿದ ಜಾಗ ಅದು. ಒಂದು ಎಕರೆ ಇಪ್ಪತ್ತು ಸೆಂಟ್ಸ್. ಗುಡ್ಡೆ ಕಡಿದು, ತಟ್ಟು ಮಾಡಿ, ಸೊಪ್ಪು ಗೊಬ್ಬರ ತಲೆಯಲ್ಲಿ ಹೊತ್ತು ಎಬ್ಬಿಸಿದ ತೋಟ. ಈಗ ಆರುನೂರು ಚಿಲ್ಲರೆ ಮರ ಉಂಟು, ಬಳ್ಳಿ ಮೆಣಸು ಬೇರೆ. ಇದೇ ಜಾಗದ ಕಾಳಿನಲ್ಲಿ ನಮ್ಮ ಮನೆ ನಡೆಯುವುದು. ಅದನ್ನು ಯಾರೋ ಒಬ್ಬರು ಬದಿಯಲ್ಲಿ ನಿಂತು ಒಂದು ಫೋಟೋ ಹೊಡೆದು ಪಾಳು ಅಂತ ಬರೆದು ಹೋಗಿದ್ದರು. ತೋಟದ ಬದಿಗೆ ಹೋಗುವ ದಾರಿಯಲ್ಲಿ ಕಾಟುಗಿಡ ತುಂಬಿದ ಒಂದು ತುಂಡು ಜಾಗ ಇರುವುದು ಹೌದು. ಅವರು ಅಲ್ಲಿಂದ ಕೆಳಗೆ ಇಳಿಯಲೇ ಇಲ್ಲ ಅಂತ ಕಾಣುತ್ತದೆ.

ಕಳಕೊಂಡದ್ದು ಎಷ್ಟು ಅಂತ ಲೆಕ್ಕ ಹಾಕಿ. ಅಡಿಕೆಗೆ ಹೆಕ್ಟೇರಿಗೆ 1,28,000 ರೂಪಾಯಿ ವಿಮೆ, ಅದರ ಶೇಕಡಾ 5 ಅಂದರೆ 6,400 ರೂಪಾಯಿ ಬೆಳೆಗಾರನ ಕಂತು. ನನ್ನ ಜಾಗಕ್ಕೆ 3,100 ಚಿಲ್ಲರೆ ಕಟ್ಟಿದ್ದೆ. ಕಂತೂ ಹೋಯಿತು, ಬರಬೇಕಾದದ್ದೂ ಹೋಯಿತು. ಆ ವರ್ಷ ಕೊಳೆರೋಗದಲ್ಲಿ ಅರ್ಧಕ್ಕರ್ಧ ಉದುರಿದ ಲೆಕ್ಕ ಬೇರೆಯೇ.

ಆಮೇಲೆ ಮೂರು ತಿಂಗಳು ಈ ಕಾಗದಗಳ ಹಿಂದೆ ತಿರುಗಿದೆ. ತಿರುಗಿದಾಗ ಕಲಿತದ್ದನ್ನು ಬರೆಯುತ್ತಾ ಇದ್ದೇನೆ. ನನ್ನ ಹಾಗೆ ಹಣ ಬಾರದೆ ಇದ್ದವರು ನಮ್ಮ ಊರಲ್ಲೇ ಆರೇಳು ಜನ ಇದ್ದರು. ನಿಮ್ಮಲ್ಲೂ ಇರಬಹುದು.

ಸರಕಾರ ಅಂಗಡಿ ಇಟ್ಟ ಕಥೆ

ಇ-ಕಾಮರ್ಸ್ ಅಂದರೆ ಪೇಟೆಯವರು ಮೊಬೈಲಿನಲ್ಲಿ ಚಪ್ಪಲಿ ತರಿಸುವುದು ಅಂತ ನಾವು ತಿಳಿದದ್ದು. ಹಾಗೆ ನೋಡಿದರೆ ಕರ್ನಾಟಕದ ರೈತ ಅವರಿಗಿಂತ ಮೊದಲೇ ಕಂಪ್ಯೂಟರಿನ ಗಿರಾಕಿ. ಅಂಗಡಿ ಸರಕಾರದ್ದು, ಸಾಮಾನು ಆರ್‌ಟಿಸಿ, ಆಗಿನ ಕ್ರಯ 15 ರೂಪಾಯಿ. ಅದರ ಹೆಸರು ಭೂಮಿ ಯೋಜನೆ.

ಅದಕ್ಕಿಂತ ಮೊದಲು ಹೇಗಿತ್ತು ಅಂತ ಐವತ್ತು ದಾಟಿದವರಿಗೆ ಹೇಳಬೇಕಾಗಿಲ್ಲ. ಮದ್ರಾಸಿನ ಕಾಲದ ಅಡಂಗಲು, ಪಟೇಲರು, ಶಾನುಭಾಗರು, ಉಗ್ರಾಣಿ. ಅವರೆಲ್ಲ ಹೋದ ಮೇಲೆ ಗ್ರಾಮಕರಣಿಕರು. ರಾಜ್ಯದಲ್ಲಿ ಸುಮಾರು 9,000 ಗ್ರಾಮಕರಣಿಕರು, ಒಬ್ಬೊಬ್ಬರ ಕೈಯಲ್ಲಿ ಮೂರು ನಾಲ್ಕು ಊರು. ಪುಸ್ತಕ ಇರುವುದು ಅವರ ಹತ್ತಿರ, ಅವರು ಇರುವುದು ಎಲ್ಲಿ ಅಂತ ನಮಗೆ ಗೊತ್ತಿಲ್ಲ. 1996ರಲ್ಲಿ ಪಂಪ್‌ಸೆಟ್ಟಿನ ಸಾಲಕ್ಕೆ ಒಂದು ಆರ್‌ಟಿಸಿ ಬೇಕಾಗಿತ್ತು. ಮೂರು ಸಲ ಬಸ್ಸಿಗೆ ದುಡ್ಡು ಹಾಕಿದೆ. ನಾಲ್ಕನೆಯ ಸಲ ಕಾಗದ ಸಿಕ್ಕಿತು, ಅದಕ್ಕೆ ಮೊದಲು 'ಕಾಫಿ ಖರ್ಚು' ಕೊಟ್ಟೆ. ಪಾಪ, ಅವರೇನೂ ಕೆಟ್ಟವರಲ್ಲ. ರೀತಿಯೇ ಹಾಗಿತ್ತು.

ಕಂದಾಯ ಇಲಾಖೆಯಲ್ಲಿ ರಾಜೀವ್ ಚಾವ್ಲಾ ಎಂಬ ಐಎಎಸ್ ಅಧಿಕಾರಿ ಮುಂದೆ ನಿಂತು, ಎನ್‌ಐಸಿಯವರು ಕನ್ನಡದಲ್ಲೇ ನಡೆಯುವ ಸಾಫ್ಟ್‌ವೇರ್ ಮಾಡಿಕೊಟ್ಟು, 2002ರ ಹೊತ್ತಿಗೆ ಸುಮಾರು 67 ಲಕ್ಷ ರೈತರ ಎರಡು ಕೋಟಿ ಆರ್‌ಟಿಸಿಗಳನ್ನು ಕಂಪ್ಯೂಟರಿಗೆ ಏರಿಸಿದರು. ತಾಲೂಕು ಕಚೇರಿಗೊಂದು ಕೇಂದ್ರ. ಕೈಯಲ್ಲಿ ಬರೆದ ಆರ್‌ಟಿಸಿ ನಡೆಯುವುದಿಲ್ಲ ಅಂತ ಆಯಿತು. ನಾವು ಕೊಟ್ಟ 15 ರೂಪಾಯಿಯಲ್ಲೇ ಕೇಂದ್ರದ ಕಾಗದ, ಶಾಯಿ, ಕೂತು ಒತ್ತುವವರ ಸಂಬಳ ಎಲ್ಲ ಹುಟ್ಟಬೇಕು ಎಂಬ ಏರ್ಪಾಡು.

ಅದರಲ್ಲಿ ನನಗೆ ಹಿಡಿಸಿದ್ದು ಎರಡು ಸಂಗತಿ. ಒಂದು, ಕಂಪ್ಯೂಟರಿಗೆ ಎರಡು ಪರದೆ. ಒಂದು ಆಪರೇಟರಿಗೆ, ಇನ್ನೊಂದು ಹೊರಗೆ ನಿಂತ ನಮಗೆ. ಅವರು ಒತ್ತುವುದು ನಮಗೂ ಕಾಣುತ್ತದೆ. ಇನ್ನೊಂದು, ಮ್ಯುಟೇಷನಿಗೆ ಸರತಿ. ಮೊದಲು ಬಂದ ಅರ್ಜಿ ಬಿಟ್ಟು ಹಿಂದಿನದ್ದನ್ನು ಮೊದಲು ಮಾಡಲಿಕ್ಕೆ ಕಂಪ್ಯೂಟರ್ ಬಿಡುವುದಿಲ್ಲ. ಯಾವ ಅಧಿಕಾರಿ ಮಾಡಿದ್ದು ಅಂತ ಅವರ ಬೆರಳಚ್ಚು ಒಳಗೆ ಉಳಿಯುತ್ತದೆ. ಆ ಕಾಲದಲ್ಲಿ ನಡೆದ ಒಂದು ಅಧ್ಯಯನದಲ್ಲಿ, ಹಳೆ ಕ್ರಮದಲ್ಲಿ ಲಂಚ ಕೊಟ್ಟೆವು ಅಂದವರು ನೂರಕ್ಕೆ 66, ಭೂಮಿ ಕೇಂದ್ರದಲ್ಲಿ ಕೊಟ್ಟೆವು ಅಂದವರು ನೂರಕ್ಕೆ 3.

ಆದರೆ ನಾನು ಮೊದಲ ಸಲ ಸಾಲಿನಲ್ಲಿ ನಿಂತು ಆ ಹೊರಗಿನ ಪರದೆ ನೋಡುವಾಗ ಅಪ್ಪನ ಹೆಸರಿನ ಮೊದಲ ಅಕ್ಷರವೇ ಬಿದ್ದುಹೋಗಿತ್ತು. ಕೈಬರಹದ ಪುಸ್ತಕದಲ್ಲಿ ಸರಿಯಾಗಿ ಇದ್ದದ್ದು ಒತ್ತುವಾಗ ತಪ್ಪಿದ್ದು. ಒಂದು ಅಕ್ಷರ ತಾನೆ ಅಂತ ಬಿಟ್ಟೆ. ಆ ಬಿಟ್ಟದ್ದಕ್ಕೆ ಮುಂದೆ ಎಂಟು ವರ್ಷ ಕಳೆದು, ಅಪ್ಪ ತೀರಿಕೊಂಡು ಪೌತಿ ಖಾತೆ ಮಾಡಿಸುವಾಗ ಅಫಿಡವಿಟ್ಟು, ವಂಶಾವಳಿ ಅಂತ ಅಲೆದದ್ದು ನೆನೆಸಿದರೆ ಈಗಲೂ ಬೆವರುತ್ತದೆ. ಮರಣ ಪತ್ರದಲ್ಲಿ ಇರುವ ಮನುಷ್ಯ ಬೇರೆ, ಆರ್‌ಟಿಸಿಯಲ್ಲಿ ಇರುವ ಮನುಷ್ಯ ಬೇರೆ ಅಂತ ಕಾಗದ ಹೇಳುತ್ತಾ ಇತ್ತು.

ತಾಲೂಕಿನಿಂದ ಕೇಂದ್ರ ಹೋಬಳಿಗೆ ಇಳಿಯಿತು. 2006ರ ನಂತರ ನೆಮ್ಮದಿ ಕೇಂದ್ರ, ಅದು ಹೋಗಿ ನಾಡಕಚೇರಿ. ಈಗ ಮನೆಯಲ್ಲೇ ಕೂತು ಮೊಬೈಲಿನಲ್ಲಿ ಹಣ ಕಟ್ಟಿ ಆರ್‌ಟಿಸಿ ತೆಗೆಯಬಹುದು. ಸುಮ್ಮನೆ ನೋಡುವುದಕ್ಕೆ ದುಡ್ಡೇ ಬೇಡ. ಭೂಮಿಯ ಜಾಲತಾಣದಲ್ಲಿ ಜಿಲ್ಲೆ, ತಾಲೂಕು, ಹೋಬಳಿ, ಗ್ರಾಮ, ಸರ್ವೆ ನಂಬ್ರ ಕೊಟ್ಟರೆ ಆಯಿತು. ಹಾಗೆ ಬರುವ ಪ್ರತಿ ಬ್ಯಾಂಕಿಗೆ ನಡೆಯುವುದಿಲ್ಲ, ತಪ್ಪು ಹಿಡಿಯಲಿಕ್ಕೆ ಧಾರಾಳ ಸಾಕು. ಮಕ್ಕಳ ಹತ್ತಿರ ಹೇಳಿ, ಐದು ನಿಮಿಷದ ಕೆಲಸ.

ಯಾವ ಕಾಲಂ ನೋಡಬೇಕು

ಆರ್‌ಟಿಸಿ ತೆಗೆದು ಮಡಚಿ ಬ್ಯಾಂಕಿಗೆ ಕೊಡುವುದು ನಮ್ಮ ಅಭ್ಯಾಸ. ಓದುವವರು ಕಡಿಮೆ. ಒಮ್ಮೆ ಕನ್ನಡಕ ಹಾಕಿ ಕೂತು ಓದಿ.

3ನೇ ಕಾಲಂ ವಿಸ್ತೀರ್ಣ. ಇದರಲ್ಲಿ ಖರಾಬು ಕಳೆದು ಉಳಿದದ್ದು ಎಷ್ಟು ಅಂತ ಇರುತ್ತದೆ. ನಮ್ಮ ಜಿಲ್ಲೆಯಲ್ಲಿ ಲೆಕ್ಕ ಎಕರೆ ಮತ್ತು ಸೆಂಟ್ಸಿನಲ್ಲಿ, ಘಟ್ಟದ ಮೇಲೆ ಎಕರೆ ಮತ್ತು ಗುಂಟೆಯಲ್ಲಿ. ನೂರು ಸೆಂಟ್ಸಿಗೆ ಒಂದು ಎಕರೆ, ನಲವತ್ತು ಗುಂಟೆಗೆ ಒಂದು ಎಕರೆ. ವಿಮೆಯ ಅರ್ಜಿ ಮಾತ್ರ ಹೆಕ್ಟೇರಿನಲ್ಲಿ ಇರುತ್ತದೆ. ಒಂದು ಎಕರೆ ಅಂದರೆ 0.4047 ಹೆಕ್ಟೇರ್. ಈ ಗುಣಾಕಾರದಲ್ಲಿ ತಪ್ಪಿದವರು ಬಹಳ ಜನ ಇದ್ದಾರೆ.

9ನೇ ಕಾಲಂ ಹೆಸರು. ನಿಮ್ಮದು, ನಿಮ್ಮ ತಂದೆಯದ್ದು, ಖಾತೆ ನಂಬ್ರ. ಆಧಾರ್ ಕಾರ್ಡಿನಲ್ಲಿ ಹೇಗೆ ಉಂಟೋ ಹಾಗೆ ಇಲ್ಲಿ ಉಂಟಾ ಅಂತ ಇಟ್ಟು ನೋಡಿ. ತೀರಿಹೋದ ಅಜ್ಜನ ಹೆಸರಿನಲ್ಲೇ ಇದ್ದರೆ ಪೌತಿ ಮಾಡಿಸಿ. ಅಣ್ಣ ತಮ್ಮಂದಿರು ಮಾತಾಡುವಷ್ಟು ಒಳ್ಳೆ ಸಂಬಂಧ ಇರುವಾಗಲೇ ಮಾಡಿಸಿ ಅಂತ ನನ್ನ ಸಲಹೆ.

10ನೇ ಕಾಲಂ ಈ ಜಾಗ ನಿಮಗೆ ಹೇಗೆ ಬಂತು ಎಂಬುದು, ಅದರ ಎಂ.ಆರ್. ನಂಬ್ರ. ಆ ನಂಬ್ರ ಬರೆದಿಟ್ಟುಕೊಳ್ಳಿ, ಹಳೆ ದಾಖಲೆ ತೆಗೆಯುವಾಗ ಅದೇ ಬೀಗದ ಕೈ.

11ನೇ ಕಾಲಂ ಋಣ. ಸಾಲ ತೀರಿಸಿ ಹತ್ತು ವರ್ಷ ಆದರೂ ಬ್ಯಾಂಕಿನ ಹೆಸರು ಇಲ್ಲಿ ಕೂತಿರುವುದು ನಾನು ಕಂಡದ್ದೇ ನಾಲ್ಕು ಕಡೆ. ಸಾಲ ಮುಗಿದ ಕೂಡಲೇ ತೀರುವಳಿ ಪತ್ರ ತೆಗೆದುಕೊಂಡು ಇಲ್ಲಿಂದ ತೆಗೆಸಬೇಕು. ಅದಾಗಿಯೇ ಹೋಗುತ್ತದೆ ಅಂತ ನಂಬಬೇಡಿ.

ಇನ್ನು 12ನೇ ಕಾಲಂ. ಸಾಗುವಳಿದಾರ ಯಾರು, ಬೆಳೆ ಎಂತ ಅಂತ ವರ್ಷವಾರು. ಇಷ್ಟು ಕಾಲ ಯಾರೂ ಕಣ್ಣೆತ್ತಿ ನೋಡದ ಕಾಲಂ ಇದು. ಗ್ರಾಮಕರಣಿಕರು ಕಚೇರಿಯಲ್ಲೇ ಕೂತು ಹೋದ ವರ್ಷದ್ದನ್ನು ಈ ವರ್ಷಕ್ಕೂ ಇಳಿಸುತ್ತಿದ್ದರು. ಗದ್ದೆ ತೋಟವಾಗಿ ಇಪ್ಪತ್ತು ವರ್ಷ ಆದರೂ ಅಲ್ಲಿ ಭತ್ತವೇ ಬೆಳೆಯುತ್ತಾ ಇರುತ್ತಿತ್ತು! ನಷ್ಟವೇನೂ ಇರಲಿಲ್ಲ, ಯಾಕೆಂದರೆ ಆ ಕಾಲಮಿನಿಂದ ಯಾರಿಗೂ ಎಂತದೂ ಆಗಬೇಕಾಗಿರಲಿಲ್ಲ.

ಈಗ ಹಾಗಲ್ಲ. ಬೆಳೆ ಸಮೀಕ್ಷೆ ಮೊಬೈಲಿನಲ್ಲಿ ನಡೆಯುತ್ತದೆ, ಜಾಗಕ್ಕೆ ಹೋಗಿ ಫೋಟೋ ತೆಗೆದು ಕಳಿಸಬೇಕು. ಅಲ್ಲಿಂದ ವಿಮೆಗೆ, ಬೆಂಬಲ ಬೆಲೆಗೆ, ಬರ ನೆರೆಯ ಪರಿಹಾರಕ್ಕೆ ಎಲ್ಲ ಕಡೆಗೂ ಅದೇ ಮಾಹಿತಿ ಹರಿಯುತ್ತದೆ. ಒಬ್ಬರು ಒಮ್ಮೆ ಬರೆದದ್ದನ್ನು ಹತ್ತು ಕಚೇರಿ ಓದುತ್ತದೆ. ಸರಿ ಬರೆದರೆ ಹತ್ತು ಕಚೇರಿಯಲ್ಲೂ ಸರಿ. ತಪ್ಪಿದರೆ? ನನ್ನ ತೋಟ ನೋಡಿ. ನಡುವೆ ನಿಂತು 'ಹೇಯ್, ಅಲ್ಲಿ ಅಡಿಕೆ ಉಂಟು, ನಾನು ಕಣ್ಣಾರೆ ಕಂಡಿದ್ದೇನೆ' ಅಂತ ಹೇಳುವ ಶಾನುಭಾಗರು ಈಗ ಇಲ್ಲ. ಹಳಬರಲ್ಲಿ ಎಷ್ಟು ದೋಷ ಇದ್ದರೂ ಯಾರ ಜಾಗದಲ್ಲಿ ಎಂತ ಉಂಟು ಅಂತ ಅವರಿಗೆ ಗೊತ್ತಿರುತ್ತಿತ್ತು.

ನಾನು ಮಾಡಿದ್ದು

ಮೊದಲು 'ಬೆಳೆ ದರ್ಶಕ' ಎಂಬ ಆ್ಯಪ್ ಹಾಕಿಸಿಕೊಂಡೆ. ಸಮೀಕ್ಷೆಯಲ್ಲಿ ನಿಮ್ಮ ಜಾಗಕ್ಕೆ ಎಂತ ಬರೆದಿದ್ದಾರೆ, ಯಾವ ಫೋಟೋ ಹಾಕಿದ್ದಾರೆ ಅಂತ ಅದರಲ್ಲಿ ಕಾಣುತ್ತದೆ. ನನ್ನ ತೋಟದ ಫೋಟೋ ನೋಡಿದೆ. ಕಾಟುಗಿಡ, ಅದರ ಹಿಂದೆ ದೂರದಲ್ಲಿ ಅಡಿಕೆ ಮರದ ತಲೆ! ನಗುವುದೋ ಅಳುವುದೋ. ಅದೇ ಆ್ಯಪಿನಲ್ಲಿ ಆಕ್ಷೇಪಣೆ ಹಾಕಲಿಕ್ಕೂ ಜಾಗ ಉಂಟು, ಆದರೆ ಅದಕ್ಕೆ ಒಂದು ಅವಧಿ. ನಾನು ನೋಡುವಾಗ ಆ ಅವಧಿ ಮುಗಿದು ತಿಂಗಳುಗಳೇ ಆಗಿದ್ದವು.

ಬರವಣಿಗೆಯಲ್ಲಿ ಅರ್ಜಿ ಕೊಟ್ಟೆ. ಜೊತೆಗೆ ಹತ್ತು ವರ್ಷದ ಅಡಿಕೆ ಮಾರಿದ ರಶೀದಿ, ಸೊಸೈಟಿಯ ಬೆಳೆಸಾಲದ ಪತ್ರ, ತೋಟದ ಫೋಟೋ. ಗ್ರಾಮ ಆಡಳಿತಾಧಿಕಾರಿ ಬಂದರು. ಈಗ ಗ್ರಾಮಕರಣಿಕರ ಹೆಸರು ಹೀಗೆ ಬದಲಾಗಿದೆ. ಎಳೆ ಪ್ರಾಯದ ಹುಡುಗಿ, ತಟ್ಟಿನಿಂದ ತಟ್ಟಿಗೆ ಹಾರಿ ಇಡೀ ತೋಟ ನೋಡಿ ಮಹಜರು ಬರೆದರು. ನೆರೆಯವರು ಸಾಕ್ಷಿ ಹಾಕಿದರು. ಇಷ್ಟೆಲ್ಲ ಆಗಿ ಮುಂದಿನ ವರ್ಷದ ದಾಖಲೆ ಸರಿಯಾಯಿತು. ಹೋದ ವರ್ಷದ ಹಣ ಬರಲಿಲ್ಲ. ಅದು ವಿಮೆಯವರ ಲೆಕ್ಕದಲ್ಲಿ ಮುಚ್ಚಿದ ಪುಸ್ತಕ ಅಂತೆ.

2020ರಲ್ಲಿ 'ನನ್ನ ಬೆಳೆ ನನ್ನ ಹಕ್ಕು' ಅಂತ ಸರಕಾರ ರೈತರೇ ಸಮೀಕ್ಷೆ ಮಾಡುವ ಆ್ಯಪ್ ತಂದಾಗ ನಾನು ಬೈದದ್ದು ಉಂಟು. ಅವರ ಕೆಲಸ ನಾವು ಮಾಡಬೇಕಾ ಅಂತ. ಈಗ ಹೇಳುತ್ತೇನೆ, ಮಾಡಿ. ತೋಟದ ಒಳಗೆ ನಿಂತೇ ಫೋಟೋ ತೆಗೆಯಬೇಕಾಗುತ್ತದೆ, ಮನೆ ಜಗಲಿಯಲ್ಲಿ ಕೂತರೆ ಅದು ಒಪ್ಪುವುದಿಲ್ಲ. ನಮ್ಮಂತಹ ಕಣಿವೆಯಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ. ನಾವು ಮೇಲೆ ರೇಂಜ್ ಇರುವಲ್ಲಿ ನಕ್ಷೆ ಇಳಿಸಿಕೊಂಡು, ಕೆಳಗೆ ಹೋಗಿ ಫೋಟೋ ಹೊಡೆದು, ಪುನಃ ಮೇಲೆ ಬಂದು ಕಳಿಸಿದೆವು. ಮಿಶ್ರಬೆಳೆ ಇದ್ದರೆ ಅಡಿಕೆ, ಮೆಣಸು, ಕೊಕ್ಕೊ ಎಲ್ಲ ಒಂದೊಂದಾಗಿ ಹಾಕಬೇಕು. ಅಡಿಕೆ ಮಾತ್ರ ಹಾಕಿ ಮೆಣಸಿಗೂ ವಿಮೆ ಮಾಡಿದರೆ ಮೆಣಸಿನ ಕಂತು ಹೊಳೆಗೆ.

ನೀವು ನಿಂತ ಜಾಗ ಯಾವ ಸರ್ವೆ ನಂಬ್ರ ಅಂತ ಸಂಶಯ ಇದ್ದರೆ 'ದಿಶಾಂಕ್' ಆ್ಯಪ್ ತೋರಿಸುತ್ತದೆ. ಗಡಿಯ ತಕರಾರಿಗೆ ಅದನ್ನು ನಂಬಿ ಬೇಲಿ ಕೀಳಬೇಡಿ, ಆ ಕೆಲಸ ಸರ್ವೆಯರದ್ದು. ಅಂದಾಜಿಗೆ ಒಳ್ಳೆಯದು.

ಎಫ್‌ಐಡಿ ಎಂಬ ಇನ್ನೊಂದು ನಂಬ್ರ

ಫ್ರೂಟ್ಸ್ ಅಂತ ಒಂದು ತಂತ್ರಾಂಶ. ಅದರಲ್ಲಿ ರೈತನಿಗೆ ಒಂದು ಗುರುತು ಸಂಖ್ಯೆ, ಎಫ್‌ಐಡಿ. ಇದನ್ನು ಮಾಡಿಸಿದವರಲ್ಲೂ ಅರ್ಧ ಜನ ತಮ್ಮ ಎಲ್ಲ ಸರ್ವೆ ನಂಬ್ರ ಸೇರಿಸಿರುವುದಿಲ್ಲ. ಗೊಬ್ಬರದ ಸಬ್ಸಿಡಿಗೋ ಪೈಪಿಗೋ ಅಂತ ಒಂದು ನಂಬ್ರ ಕೊಟ್ಟು ಬಂದಿರುತ್ತಾರೆ, ಉಳಿದ ಜಾಗ ಹೊರಗೆ.

2023ರಲ್ಲಿ ರಾಜ್ಯದ 223 ತಾಲೂಕುಗಳಲ್ಲಿ ಬರ ಅಂತ ಸಾರಿದರಲ್ಲ, ಆಗ ಇದರ ಬಿಸಿ ಬಯಲುಸೀಮೆಯವರಿಗೆ ತಟ್ಟಿತು. 2024ರ ಜನವರಿಯಲ್ಲಿ ಮೊದಲ ಕಂತಾಗಿ ತಲಾ 2,000 ರೂಪಾಯಿವರೆಗೆ ಹಾಕುವಾಗಲೂ, ಆಮೇಲೆ ಪರಿಹಾರ ಕೊಡುವಾಗಲೂ ನೋಡಿದ್ದು ಫ್ರೂಟ್ಸ್ ಲೆಕ್ಕವನ್ನೇ. ಅಲ್ಲಿ ಒಂದು ಎಕರೆ ಮಾತ್ರ ಸೇರಿಸಿದ್ದರೆ ಮೂರು ಎಕರೆ ಒಣಗಿದರೂ ಒಂದೇ ಎಕರೆ ಒಣಗಿದ ಹಾಗೆ. ಚಿತ್ರದುರ್ಗದ ಕಡೆಯ ನನ್ನ ಭಾವನ ಶೇಂಗಾ ಹೊಲದ ಕಥೆ ಹೀಗೇ ಆಯಿತು. ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ ಆಧಾರ್, ಪಾಸ್‌ಬುಕ್, ಆರ್‌ಟಿಸಿ ಕೊಟ್ಟು ಉಳಿದ ನಂಬ್ರಗಳನ್ನು ಸೇರಿಸಿ ಬಂದರೆ ಮುಗಿಯಿತು. ಬ್ಯಾಂಕಿನವರು ಸಾಲದ ಋಣ ಹಾಕುವುದೂ ಈಗ ಇದರ ಮೂಲಕವೇ. ಹಾಗಾಗಿ 11ನೇ ಕಾಲಂ ಮತ್ತೊಮ್ಮೆ ನೋಡಿ ಅಂತ ಹೇಳುವುದು.

ಇಷ್ಟೆಲ್ಲ ಹೇಳುವಾಗ ಒಂದು ಮಾತು ಬಿಡಬಾರದು. ನಮ್ಮ ಪುಸ್ತಕ ನಮಗೆ ಸುಲಭವಾಗಿ ಕಾಣುತ್ತದೆ ಅಂದರೆ ಬೇರೆಯವರಿಗೂ ಅಷ್ಟೇ ಸುಲಭವಾಗಿ ಕಾಣುತ್ತದೆ. ಭೂಮಿ ಯೋಜನೆಯನ್ನು ಊರೆಲ್ಲ ಹೊಗಳುತ್ತಿದ್ದಾಗ, 2007ರಲ್ಲಿ ಕೆಲವು ಸಂಶೋಧಕರು ಬೆಂಗಳೂರಿನ ಸುತ್ತಲಿನ ಹಳ್ಳಿಗಳನ್ನು ನೋಡಿ ಬೇರೆಯೇ ಹೇಳಿದರು. ದಾಖಲೆ ಒಂದೇ ಕಡೆ ಸೇರಿದ್ದರಿಂದ ಹೆಚ್ಚು ಲಾಭ ಆದದ್ದು ದೊಡ್ಡ ದೊಡ್ಡ ಜಾಗ ಹುಡುಕುವವರಿಗೆ, ಸಣ್ಣ ರೈತನಿಗಲ್ಲ ಅಂತ. ನಮ್ಮ ಕಡೆಯೂ ಈಗ ಜಾಗದ ದಲ್ಲಾಳಿ ಬರುವಾಗ ಸರ್ವೆ ನಂಬ್ರ, ವಿಸ್ತೀರ್ಣ, ಸಾಲ ಎಷ್ಟು ಉಂಟು ಎಲ್ಲ ಮೊಬೈಲಿನಲ್ಲಿ ಹಿಡಿದುಕೊಂಡೇ ಜಗಲಿ ಹತ್ತುತ್ತಾನೆ. ನಮ್ಮ ಋಣ ನಮಗಿಂತ ಮೊದಲು ಅವನಿಗೆ ಗೊತ್ತು! ಹಾಗಂತ ಪುಸ್ತಕ ಮುಚ್ಚಿ ಅನ್ನಲಿಕ್ಕೂ ಆಗುವುದಿಲ್ಲ. 1996ರ ಆ ನಾಲ್ಕು ಬಸ್ಸು ನನಗೆ ಮರೆತಿಲ್ಲ.

ಇನ್ನೊಂದು. ಆರ್‌ಟಿಸಿ ಅಂದರೆ ಹಕ್ಕುಪತ್ರ ಅಲ್ಲ. ಅದರಲ್ಲಿ ಬರೆದದ್ದು, ತಪ್ಪು ಅಂತ ಸಾಬೀತಾಗುವ ತನಕ ಸರಿ ಅಂತ ತಿಳಿಯಬೇಕು ಎಂಬುದು 1964ರ ಭೂಕಂದಾಯ ಕಾಯ್ದೆಯ 133ನೇ ಕಲಮು. ಈ ಮಾತನ್ನು ತಿರುಗಿಸಿ ಓದಿ. ತಪ್ಪು ಅಂತ ಸಾಬೀತು ಮಾಡುವ ಹೊರೆ ನಮ್ಮ ತಲೆ ಮೇಲೆ. ಹೆಸರಿನ, ವಿಸ್ತೀರ್ಣದ ತಪ್ಪು ಕಂಡರೆ ತಹಶೀಲ್ದಾರರಿಗೆ ಅರ್ಜಿ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ಮ್ಯುಟೇಷನ್ನೇ ತಪ್ಪಾಗಿದ್ದರೆ ಉಪವಿಭಾಗಾಧಿಕಾರಿಗಳ ಮುಂದೆ ಮೇಲ್ಮನವಿ. ಅಪ್ಪನ ಡಿಕ್ಲರೇಷನಿನ ಕಾಗದ, ಹಳೆ ಕೈಬರಹದ ಆರ್‌ಟಿಸಿ, ತೀರ್ವೆ ರಶೀದಿ ಎಲ್ಲ ಹಳೆ ಪೆಟ್ಟಿಗೆಯಲ್ಲಿ ಇದ್ದರೆ ಬಿಸಾಡಬೇಡಿ, ಗೆದ್ದಲು ಹಿಡಿಯದ ಹಾಗೆ ಇಡಿ. ನನ್ನ ಪೌತಿಯ ಹೊತ್ತಿಗೆ ಕೆಲಸಕ್ಕೆ ಬಂದದ್ದು 1980ರ ದಶಕದ ಒಂದು ಹರಕು ತೀರ್ವೆ ರಶೀದಿ. ಅದರಲ್ಲಿ ಅಪ್ಪನ ಹೆಸರು ಅಕ್ಷರ ತಪ್ಪದೆ ಇತ್ತು.

ಈಗ ವರ್ಷವೂ ಮಳೆಗಾಲದ ಸಮೀಕ್ಷೆ ಶುರುವಾದ ಕೂಡಲೇ ಮಗಳನ್ನು ಕರೆದುಕೊಂಡು ತೋಟಕ್ಕೆ ಇಳಿಯುತ್ತೇನೆ. ಅವಳು ಮೊಬೈಲು ಹಿಡಿಯುತ್ತಾಳೆ, ನಾನು ಜಿಗಣೆ ಹತ್ತದ ಹಾಗೆ ಸುಣ್ಣ ಹಿಡಿದು ಹಿಂದೆ. ಹೋದ ಸಲ ನೆರೆಯ ಇಬ್ಬರು ವಿಧವೆಯರ ತೋಟವನ್ನೂ ಅವಳೇ ಮಾಡಿ ಕೊಟ್ಟಳು, ಅವರಲ್ಲಿ ದೊಡ್ಡ ಮೊಬೈಲು ಇರಲಿಲ್ಲ. ನಾಲ್ಕು ಜಾಗಕ್ಕೆ ಒಂದು ಮಧ್ಯಾಹ್ನ ಸಾಕಾಯಿತು. ಹದಿನೈದು ದಿನ ಬಿಟ್ಟು ಬೆಳೆ ದರ್ಶಕ ತೆಗೆದು ನೋಡಿದೆವು. ನಾಲ್ಕರಲ್ಲೂ ಅಡಿಕೆ ಅಂತ ಇತ್ತು.